ಗೋಡೆ ಬಿದ್ದರೂ ಕಂಬ ನಿಂತಿತ್ತು

(ಬಾಳಿಕೆಯ ಕಟ್ಟಡಕ್ಕೆ ಮರವೋ, ಕಲ್ಲೋ, ಸಿಮೆಂಟೋ ಎಂಬ ವಿಷಯವಾಗಿ ಮೋರಖಂಡಿಯಲ್ಲಿ ಮಲೆನಾಡಿನ ಹಳ್ಳಿಗರು ಹಾಗೂ ವಿದ್ಯಾರ್ಥಿಗಳ ಮುಂದೆ ನೀಡಿದ ಉಪನ್ಯಾಸದ ಪಠ್ಯ)



ಘಟ್ಟದ ಊರುಗಳಿಂದ ಬೀದರ ಜಿಲ್ಲೆಯ ಬಯಲಿಗೆ ಬಂದವರ ಕಣ್ಣಿಗೆ ಮೊದಲು ಬೀಳುವುದು ಇಲ್ಲಿನ ತೆರೆದ ಆಕಾಶ. ಬಸವಕಲ್ಯಾಣ, ಹುಮನಾಬಾದ್ ತಾಲ್ಲೂಕುಗಳ ಈ ಸೀಮೆಯಲ್ಲಿ ತಗ್ಗಿನಲ್ಲಿ ಕರಿಯ ಎರೆಭೂಮಿ, ದಿನ್ನೆಯಲ್ಲಿ ಕೆಂಪು ಜಂಬಿಟ್ಟಿಗೆ. ಹೊಲದ ಬದುವಿನ ಬೇವು, ಜಾಲಿ, ಮಾವುಗಳನ್ನು ಬಿಟ್ಟರೆ ದೊಡ್ಡ ಮರಗಳು ವಿರಳ. ಈ ಸೀಮೆಯ ಹಳೆಯ ಮನೆಗಳು ಬೀದಿಯಿಂದ ನೋಡಿದರೆ ಬರಿಯ ಕಲ್ಲಿನ ಗೋಡೆಗಳು. ಹೊಸ್ತಿಲು ದಾಟಿ ಒಳಗೆ ಹೋದಾಗಲೇ ಕಂಬ, ಬೋದಿಗೆ, ತೊಲೆ, ಜಂತಿಗಳು ಕಾಣುವುದು. ಮರ ಕಡಿಮೆಯಿರುವ ಸೀಮೆಯಲ್ಲಿ ಮಾಳಿಗೆಯನ್ನು ಹೊತ್ತು ನಿಂತದ್ದು ಮರ. ಮರ ಹೇರಳವಾಗಿರುವ ಮಲೆನಾಡಿನಲ್ಲಾದರೋ ಇಂದು ಮನೆ ಕಟ್ಟಲು ಹೊರಟವರು ಮೊದಲು ವಿಚಾರಿಸುವುದು ಸಿಮೆಂಟು ಚೀಲದ ದರವನ್ನು. ಈ ವಿಪರ್ಯಾಸದಿಂದಲೇ ಮಾತು ಆರಂಭವಾಗಲಿ.

ಮರಕ್ಕೂ ಈ ನೆಲಕ್ಕೂ ಇರುವ ನಂಟು ಹಳೆಯದು. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಸೌದೆಯ ಹೊರೆ ಮಾರುವುದನ್ನೇ ಕಾಯಕ ಮಾಡಿಕೊಂಡ ಶರಣ ಮೋಳಿಗೆ ಮಾರಯ್ಯ. ಆತ ಕಾಶ್ಮೀರದ ಅರಸನಾಗಿದ್ದು ಎಲ್ಲವನ್ನೂ ತೊರೆದು ಇಲ್ಲಿಗೆ ಬಂದನೆಂಬುದು ಪರಂಪರೆಯ ನಂಬಿಕೆ. ಹುಮನಾಬಾದ್ ತಾಲ್ಲೂಕಿನ ಮೋಳಕೇರಾ ಆತನ ಹೆಸರಿನೊಂದಿಗೆ ಬೆಸೆದುಕೊಂಡಿದೆ. ನಿತ್ಯ ಹೊರೆ ಸೌದೆ ಸಿಗಬೇಕಾದರೆ ನಡೆದು ಹೋಗಿ ಬರುವಷ್ಟು ದೂರದಲ್ಲಿ ಕಾಡು ಇದ್ದಿರಲೇಬೇಕು. ಕಾಡು ಒಲೆಗೂ ಬೇಕಾಗಿತ್ತು, ಮನೆಗೂ ಬೇಕಾಗಿತ್ತು. ಇಂದು ಆ ಕಾಡಿನ ಸ್ಥಾನದಲ್ಲಿ ತೊಗರಿ, ಸೋಯಾಬೀನ್ ಹೊಲಗಳಿವೆ. ಮಲೆನಾಡಿನವರು ಬಯಲು ಸೀಮೆಯನ್ನು ನೋಡುವಾಗ ಈ ಸಂಗತಿಯನ್ನು ಮರೆಯಬಾರದು.

ಅಂಕಣದ ಮನೆ

ಈ ಭಾಗದ ಹಳೆಯ ಮನೆಯನ್ನು ಅಳೆಯುತ್ತಿದ್ದುದು ಅಡಿಯ ಲೆಕ್ಕದಲ್ಲಲ್ಲ, ಅಂಕಣದ ಲೆಕ್ಕದಲ್ಲಿ. ಕಂಬದಿಂದ ಕಂಬಕ್ಕೆ ಇರುವ ಜಾಗವೇ ಒಂದು ಅಂಕಣ. ಗಡಿಯಾಚೆಯ ಮರಾಠಿ ಊರುಗಳಲ್ಲಿ ಇದನ್ನೇ ಖಣ ಎನ್ನುತ್ತಾರೆ. ಕಂಬದ ಕೆಳಗೆ ಕಲ್ಲಿನ ಪೀಠ, ಕಂಬದ ಮೇಲೆ ಬೋದಿಗೆ, ಬೋದಿಗೆಯ ಮೇಲೆ ತೊಲೆ, ತೊಲೆಯ ಮೇಲೆ ಜಂತಿಗಳ ಸಾಲು, ಜಂತಿಯ ಮೇಲೆ ಹಲಗೆ, ಹಲಗೆಯ ಮೇಲೆ ಮಣ್ಣು. ಸುತ್ತಲೂ ಎರಡು ಮೂರು ಅಡಿ ದಪ್ಪದ ಕಲ್ಲಿನ ಗೋಡೆ; ಕಲ್ಲುಗಳ ನಡುವೆ ಗಾರೆಯ ಬದಲು ಮಣ್ಣಿನ ಕೆಸರು.

ಏಪ್ರಿಲ್, ಮೇ ತಿಂಗಳುಗಳಲ್ಲಿ ಬಿಸಿಲು ನಲವತ್ತು ಡಿಗ್ರಿ ದಾಟುವ ಈ ಸೀಮೆಗೆ ಇಂಥ ಮನೆ ಒಪ್ಪುವಂತಿತ್ತು. ದಪ್ಪ ಗೋಡೆ ಮತ್ತು ಮಣ್ಣಿನ ಮಾಳಿಗೆ ಹಗಲಿನ ಬಿಸಿಯನ್ನು ತಡೆದು ನಿಧಾನವಾಗಿ ರಾತ್ರಿಗೆ ಬಿಡುತ್ತಿದ್ದವು. ಕಲ್ಲು ಊರಿನ ನೆಲದಲ್ಲೇ ಸಿಕ್ಕಿತು, ಮಣ್ಣು ಹೊಲದಲ್ಲಿ ಸಿಕ್ಕಿತು. ದೂರದಿಂದ ತರಬೇಕಾಗಿದ್ದುದು ಸಾಗುವಾನಿ ಮಾತ್ರ. ಆದ್ದರಿಂದಲೇ ಅದನ್ನು ಮನೆಯ ಆಸ್ತಿಯೆಂದು ಎಣಿಸುತ್ತಿದ್ದರು. ಅಣ್ಣತಮ್ಮಂದಿರು ಬೇರೆಯಾದಾಗ ಕಂಬ, ತೊಲೆಗಳೂ ಪಾಲಿಗೆ ಬರುತ್ತಿದ್ದವು. ಮನೆ ಬಿಚ್ಚಿದರೆ ಅದೇ ಮರ ಇನ್ನೊಂದು ಮನೆಗೆ ಹೋಗುತ್ತಿತ್ತು.

1993ರ ಆ ಬೆಳಗಿನ ಜಾವ

1993ರ ಸೆಪ್ಟೆಂಬರ್ 30. ಗಣಪತಿ ವಿಸರ್ಜನೆ ಮುಗಿಸಿ ಜನ ತಡವಾಗಿ ಮಲಗಿದ್ದರು. ನಸುಕಿನ ನಾಲ್ಕು ಗಂಟೆಗೆ ಕೆಲವೇ ನಿಮಿಷಗಳಿದ್ದಾಗ ಮಹಾರಾಷ್ಟ್ರದ ಲಾತೂರ್ ಜಿಲ್ಲೆಯ ಕಿಲ್ಲಾರಿಯ ಸುತ್ತ ಭೂಮಿ ನಡುಗಿತು. ಕಂಪನದ ಪ್ರಮಾಣ 6.2. ಬಸವಕಲ್ಯಾಣದಿಂದ ಕಿಲ್ಲಾರಿಗೆ ನೇರ ಗೆರೆ ಎಳೆದು ಅಳೆದರೆ ಐವತ್ತು ಕಿಲೋಮೀಟರಿನ ಆಸುಪಾಸು. ಬೀದರ, ಕಲಬುರಗಿ ಜಿಲ್ಲೆಗಳ ಜನರೂ ಹಾಸಿಗೆಯಿಂದೆದ್ದು ಹೊರಗೆ ಓಡಿದರು. ಲಾತೂರ್ ಮತ್ತು ಅಂದಿನ ಉಸ್ಮಾನಾಬಾದ್, ಇಂದಿನ ಧಾರಾಶಿವ ಜಿಲ್ಲೆಗಳಲ್ಲಿ ಸತ್ತವರ ಸಂಖ್ಯೆ ಎಂಟು ಸಾವಿರದಿಂದ ಹತ್ತು ಸಾವಿರದ ನಡುವೆ ಎಂದು ಬೇರೆ ಬೇರೆ ಲೆಕ್ಕಗಳು ಹೇಳುತ್ತವೆ. ಅಂದಿನ ಭೂಕಂಪ ನಕ್ಷೆಯಲ್ಲಿ ಆ ಪ್ರದೇಶ ಅತ್ಯಂತ ಕಡಿಮೆ ಅಪಾಯದ ವಲಯವಾಗಿತ್ತು.

ಕೊಂದದ್ದು ಭೂಮಿಯಲ್ಲ, ಮನೆ. ಕಿಲ್ಲಾರಿಯ ಮನೆಗಳು ಮೋರಖಂಡಿ ಸೀಮೆಯ ಮನೆಗಳ ಒಡಹುಟ್ಟುಗಳು. ಆದ್ದರಿಂದ ಅಲ್ಲಿ ಏನಾಯಿತೆಂಬುದನ್ನು ಇಲ್ಲಿನವರು ವಿವರವಾಗಿ ತಿಳಿಯಬೇಕು.

ಭೂಕಂಪದ ನಂತರ ಪರಿಶೀಲಿಸಿದ ಎಂಜಿನಿಯರುಗಳಿಗೆ ಮೂರು ಸಂಗತಿಗಳು ಕಂಡವು. ಮೊದಲನೆಯದು ಗೋಡೆ. ದಪ್ಪವಾಗಿ ಕಂಡ ಗೋಡೆ ವಾಸ್ತವದಲ್ಲಿ ಎರಡು ಪದರಗಳಾಗಿತ್ತು. ಒಳಗೊಂದು ಸಾಲು ಕಲ್ಲು, ಹೊರಗೊಂದು ಸಾಲು ಕಲ್ಲು, ನಡುವೆ ಚೂರುಕಲ್ಲು ಮತ್ತು ಮಣ್ಣು. ಎರಡೂ ಪದರಗಳನ್ನು ಹಿಡಿದಿಡುವ ಅಡ್ಡಗಲ್ಲುಗಳು ಇರಲಿಲ್ಲ. ನೆಲ ಅಲುಗಿದೊಡನೆ ಒಂದು ಪದರ ಒಳಕ್ಕೆ, ಇನ್ನೊಂದು ಹೊರಕ್ಕೆ ಬಿರಿದು ಬಿತ್ತು. ಎರಡನೆಯದು ಮಾಳಿಗೆ. ಮಳೆಗಾಲಕ್ಕೆ ಮುನ್ನ ಸೋರದಿರಲೆಂದು ವರ್ಷವರ್ಷವೂ ಹೊಸ ಮಣ್ಣು ಹಾಕುತ್ತಿದ್ದರು, ಹಳೆಯದನ್ನು ತೆಗೆಯುತ್ತಿರಲಿಲ್ಲ. ತಲೆಮಾರುಗಳು ಕಳೆದಂತೆ ಮಣ್ಣಿನ ದಪ್ಪ ಒಂದು ಅಡಿ, ಎರಡು ಅಡಿಯವರೆಗೂ ಏರಿತ್ತು. ಮೂರನೆಯದು ಮರ. ಮಾಳಿಗೆಯ ಭಾರ ಮರದ ಕಂಬಗಳ ಮೇಲಿದ್ದ ಹಲವು ಮನೆಗಳಲ್ಲಿ ಗೋಡೆ ಕುಸಿದರೂ ಕಂಬ, ತೊಲೆಗಳ ಚೌಕಟ್ಟು ನಿಂತೇ ಇತ್ತು. ಜಂತಿಗಳನ್ನು ನೇರವಾಗಿ ಗೋಡೆಯ ಮೇಲೆ ಊರಿದ್ದ ಮನೆಗಳಲ್ಲಿ ಗೋಡೆಯೊಡನೆ ಮಾಳಿಗೆಯೂ ಮಲಗಿದ್ದವರ ಮೇಲೆ ಬಿತ್ತು.

ಹಾಗೆಂದು ಮರ ಎಲ್ಲರನ್ನೂ ಉಳಿಸಿತೆಂದಲ್ಲ. ಚೌಕಟ್ಟು ನಿಂತ ಮನೆಗಳಲ್ಲೂ ಒಳಕ್ಕೆ ಬಿದ್ದ ಕಲ್ಲುಗಳಿಂದ ಜನ ಸತ್ತರು. ಕಂಬಕ್ಕೂ ತೊಲೆಗೂ ನಡುವೆ ಓರೆಗೊಡುವ ಆಸರೆ ಇಲ್ಲದ ಕಡೆ ಚೌಕಟ್ಟೇ ವಾಲಿತು. ಆದರೂ ಒಂದು ಪಾಠ ಸ್ಪಷ್ಟ. ಕಲ್ಲು ಭಾರ ಹೊರಬಲ್ಲದು, ಎಳೆತವನ್ನು ತಾಳಲಾರದು. ಮರ ಎರಡನ್ನೂ ತಾಳುತ್ತದೆ, ತನ್ನ ಭಾರವೂ ಕಡಿಮೆ. ಮೋಳಿಗೆ ಮಾರಯ್ಯನ ಮೂಲವೆಂದು ಹೇಳುವ ಕಾಶ್ಮೀರದಲ್ಲಿ ಮರದ ಚೌಕಟ್ಟಿನ ನಡುವೆ ಸಣ್ಣ ಕಲ್ಲು, ಇಟ್ಟಿಗೆ ತುಂಬಿ ಗೋಡೆ ಕಟ್ಟುವ ಧಜ್ಜಿ ದೇವಾರಿ ಎಂಬ ಪದ್ಧತಿಯಿದೆ. 2005ರ ಅಕ್ಟೋಬರ್ 8ರ ಭೀಕರ ಭೂಕಂಪದಲ್ಲಿ ಅಂಥ ಗೋಡೆಗಳು ಬಿರುಕು ಬಿಟ್ಟರೂ ಸಾಮಾನ್ಯ ಕಲ್ಲುಗೋಡೆಗಳಿಗಿಂತ ಬಹಳ ಚೆನ್ನಾಗಿ ತಾಳಿದವು.

ಕಿಲ್ಲಾರಿಯ ನಂತರ ವಿಶ್ವಬ್ಯಾಂಕಿನ ನೆರವಿನಿಂದ 52 ಹಳ್ಳಿಗಳನ್ನು ಹೊಸ ಜಾಗಕ್ಕೆ ಸ್ಥಳಾಂತರಿಸಲಾಯಿತು, ಲಕ್ಷಕ್ಕೂ ಹೆಚ್ಚು ಮನೆಗಳನ್ನು ಇದ್ದಲ್ಲಿಯೇ ದುರಸ್ತಿ ಮಾಡುವ ಯೋಜನೆ ನಡೆಯಿತು. ಜನರ ಮನಸ್ಸಿನಲ್ಲಿ ಮಾತ್ರ ಒಂದೇ ತೀರ್ಮಾನ ಉಳಿಯಿತು: ಕಲ್ಲು, ಮಣ್ಣು, ಮರ ಎಂದರೆ ಸಾವು; ಸಿಮೆಂಟು ಎಂದರೆ ಬದುಕು. ಭಯದಲ್ಲಿ ಹುಟ್ಟಿದ ಈ ತೀರ್ಮಾನ ಅರ್ಧ ಸತ್ಯ. 2021ರ ಅಕ್ಟೋಬರ್‌ನಲ್ಲಿ ಕಲಬುರಗಿ ಜಿಲ್ಲೆ ಚಿಂಚೋಳಿ ತಾಲ್ಲೂಕಿನ ಗಡಿಕೇಶ್ವಾರದಲ್ಲಿ ಭೂಮಿ ಮತ್ತೆ ಮತ್ತೆ ನಡುಗಿ, ಜನ ಮನೆಯ ಹೊರಗೆ ರಾತ್ರಿ ಕಳೆದರು. ಆದ್ದರಿಂದ ಈ ಪ್ರಶ್ನೆ ಹಳೆಯ ಕಥೆಯಾಗಿ ಉಳಿದಿಲ್ಲ.

ತಲೆಯ ಮೇಲಿನ ಭಾರ

ಲೆಕ್ಕ ಮಾಡಿದರೆ ವಿಷಯ ತಿಳಿಯಾಗುತ್ತದೆ. ಹತ್ತಡಿ ಉದ್ದ, ಹತ್ತಡಿ ಅಗಲದ ಒಂದು ಕೋಣೆ. ಅದರ ಮೇಲೆ ಅರ್ಧ ಮೀಟರ್ ದಪ್ಪ ಮಣ್ಣು ಇದ್ದರೆ ಅದರ ತೂಕ ಏಳು ಟನ್ನಿಗೂ ಹೆಚ್ಚು. ಮಳೆಯಲ್ಲಿ ನೆನೆದರೆ ಇನ್ನೂ ಏರುತ್ತದೆ. ಅದೇ ಕೋಣೆಗೆ ಐದು ಇಂಚಿನ ಕಾಂಕ್ರೀಟ್ ಸ್ಲ್ಯಾಬ್ ಹಾಕಿದರೆ ಮೂರು ಟನ್ನಿನ ಹತ್ತಿರ. ಮಂಗಳೂರು ಹೆಂಚು, ಪಕಾಸಿ, ರೀಪು ಎಲ್ಲ ಸೇರಿದರೂ ಅರ್ಧ ಟನ್ನಿನಿಂದ ಮುಕ್ಕಾಲು ಟನ್ನು. 1865ರಲ್ಲಿ ಬಾಸೆಲ್ ಮಿಶನ್ನಿನವರು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ಬಳಿಕ ಕರಾವಳಿ ಮತ್ತು ಮಲೆನಾಡಿನ ಮನೆಗಳ ತಲೆಭಾರ ಇಷ್ಟು ಇಳಿಯಿತು. ಭೂಕಂಪದ ಹೊಡೆತ ತೂಕಕ್ಕೆ ತಕ್ಕಂತೆ ಏರುತ್ತದೆ. ಮೇಲೆ ಭಾರ ಹೆಚ್ಚಿದಷ್ಟೂ ಕೆಳಗಿನ ಗೋಡೆಗೆ ಅಪಾಯ ಹೆಚ್ಚು.

ಇಲ್ಲಿ ಎಚ್ಚರ ಬೇಕಾದದ್ದು ಹೊಸ ಮನೆ ಕಟ್ಟುವವರಿಗೆ. ಮಣ್ಣಿನ ಕೆಸರಿನಲ್ಲಿ ಕಟ್ಟಿದ ಹಳೆಯ ಕಲ್ಲುಗೋಡೆಯನ್ನು ಹಾಗೆಯೇ ಉಳಿಸಿಕೊಂಡು ಅದರ ಮೇಲೆ ಸ್ಲ್ಯಾಬ್ ಹಾಕಿದರೆ ಮನೆ ಗಟ್ಟಿಯಾಯಿತೆಂದು ಭಾವಿಸುವುದು ತಪ್ಪು. ಕೆಳಗಿನ ಗೋಡೆ ಬಿರಿದರೆ ಸ್ಲ್ಯಾಬ್ ಒಂದೇ ಹಾಸುಗಲ್ಲಾಗಿ ಬೀಳುತ್ತದೆ. ಬಾಗಿಲು ಕಿಟಕಿಗಳ ಮೇಲ್ಮಟ್ಟದಲ್ಲಿ ಮನೆಯನ್ನು ಸುತ್ತುವ ಪಟ್ಟಿ ಕಟ್ಟದೆ, ಅಡ್ಡಗಲ್ಲು ಕೊಡದೆ ಸಿಮೆಂಟು ಎಷ್ಟು ಸುರಿದರೂ ಫಲವಿಲ್ಲ. ಬಡವರ ಕಲ್ಲುಮನೆಗಳನ್ನು ಭೂಕಂಪ ತಾಳುವಂತೆ ಕಟ್ಟುವ ಬಗ್ಗೆ ಭಾರತೀಯ ಮಾನಕ ಸಂಸ್ಥೆ 13828 ಸಂಖ್ಯೆಯ ನಿಯಮಾವಳಿಯನ್ನು ಹೊರಡಿಸಿದ್ದು ಅದೇ 1993ರಲ್ಲಿ. ಅದರ ಪಟ್ಟಿಯನ್ನು ಕಾಂಕ್ರೀಟಿನಲ್ಲೂ ಕಟ್ಟಬಹುದು, ಮರದಲ್ಲೂ ಕಟ್ಟಬಹುದು.

ನೀರು, ಹುಳು, ಬೆಂಕಿ

ಮರದ ಮೇಲಿನ ಆಕ್ಷೇಪಗಳು ಸುಳ್ಳಲ್ಲ. ಮರ ಕೊಳೆಯುತ್ತದೆ, ಗೆದ್ದಲು ಹಿಡಿಯುತ್ತದೆ, ಸುಡುತ್ತದೆ. ಆದರೆ ಯಾವ ಸ್ಥಿತಿಯಲ್ಲಿ ಎಂಬುದೇ ಮುಖ್ಯ ಪ್ರಶ್ನೆ.

ಬೀದರ ಕೋಟೆಯೊಳಗಿನ ರಂಗೀನ್ ಮಹಲಿನ ಕೆತ್ತನೆಯ ಮರದ ಕಂಬಗಳನ್ನು ಅನೇಕರು ನೋಡಿರಬಹುದು. ಆ ಮಹಲಿಗೆ ಈಗಿನ ರೂಪ ಕೊಟ್ಟವನು 1542ರಿಂದ 1580ರವರೆಗೆ ಆಳಿದ ಅಲಿ ಬರೀದ್. ನಾಲ್ಕು ಶತಮಾನಗಳಿಗೂ ಹೆಚ್ಚು ಕಾಲ ಮರ ಉಳಿದದ್ದು ಹೇಗೆ? ಮೇಲೆ ಸೂರು ಇದೆ, ಕೆಳಗೆ ನೆಲದ ತೇವ ತಾಗುವುದಿಲ್ಲ, ಸುತ್ತ ಗಾಳಿಯಾಡುತ್ತದೆ. ಬೆಂಗಳೂರಿನ ಕೋಟೆಯ ಬಳಿ 1791ರಲ್ಲಿ ಪೂರ್ಣಗೊಂಡ ಟಿಪ್ಪುವಿನ ಬೇಸಿಗೆ ಅರಮನೆಯ ಸಾಗುವಾನಿ ಕಂಬಗಳದ್ದೂ ಇದೇ ಕಥೆ. ಜಪಾನಿನ ನಾರಾ ಪ್ರದೇಶದ ಹೋರ್ಯೂಜಿ ಬೌದ್ಧ ವಿಹಾರದ ಮರದ ಕಟ್ಟಡಗಳಿಗೆ ಸುಮಾರು 1300 ವರ್ಷ. ಅಲ್ಲಿ ಹಾಳಾದ ತುಂಡನ್ನು ತೆಗೆದು ಹೊಸ ತುಂಡು ಜೋಡಿಸುವ ಕೆಲಸ ತಲೆಮಾರಿನಿಂದ ತಲೆಮಾರಿಗೆ ನಡೆದು ಬಂದಿದೆ. ಮರದ ಬಾಳಿಕೆಯಲ್ಲಿ ಅರ್ಧ ಮರದ್ದು, ಇನ್ನರ್ಧ ನೋಡಿಕೊಳ್ಳುವವರದ್ದು.

ಎದುರು ಉದಾಹರಣೆಯೂ ಕರ್ನಾಟಕದಲ್ಲಿಯೇ ಇದೆ. 1897ರಲ್ಲಿ ರಾಜಕುಮಾರಿ ಜಯಲಕ್ಷ್ಮಮ್ಮಣ್ಣಿಯವರ ವಿವಾಹದ ಸಂದರ್ಭದಲ್ಲಿ ಮೈಸೂರಿನ ಹಳೆಯ ಮರದ ಅರಮನೆ ಬೆಂಕಿಗೆ ಆಹುತಿಯಾಯಿತು. ಹೆನ್ರಿ ಇರ್ವಿನ್ ರೂಪಿಸಿ 1912ರಲ್ಲಿ ಮುಗಿದ ಹೊಸ ಅರಮನೆಯಲ್ಲಿ ಭಾರ ಹೊರುವ ಕೆಲಸ ಕಲ್ಲು, ಇಟ್ಟಿಗೆ ಮತ್ತು ಎರಕದ ಕಬ್ಬಿಣಕ್ಕೆ ಹೋಯಿತು. ಆದರೆ ಮರ ಅರಮನೆಯಿಂದ ಹೊರಗೆ ಹೋಗಲಿಲ್ಲ. ಕೆತ್ತನೆಯ ಬಾಗಿಲು, ಒಳಮಾಡುಗಳಲ್ಲಿ ಅದು ತನ್ನ ಜಾಗ ಕಂಡುಕೊಂಡಿತು. ಸುಟ್ಟುಹೋದ ಅನುಭವದ ನಂತರವೂ ಕಟ್ಟಿದವರು ಮರವನ್ನು ತಿರಸ್ಕರಿಸದೆ, ಅದಕ್ಕೆ ತಕ್ಕ ಕೆಲಸವನ್ನು ಆರಿಸಿದರು.

ಯಾವ ಮರ ಎಷ್ಟು ಬಾಳುತ್ತದೆ ಎಂಬುದಕ್ಕೆ ಊಹೆ ಬೇಕಿಲ್ಲ. ಡೆಹ್ರಾಡೂನಿನ ಅರಣ್ಯ ಸಂಶೋಧನಾ ಸಂಸ್ಥೆಯಲ್ಲಿ, ಬೆಂಗಳೂರಿನ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯಲ್ಲಿ ಮರದ ತುಂಡುಗಳನ್ನು ಮಣ್ಣಿನಲ್ಲಿ ನೆಟ್ಟು, ಗೆದ್ದಲು ಮತ್ತು ಬೂಷ್ಟಿಗೆ ಒಡ್ಡಿ ಪರೀಕ್ಷಿಸುತ್ತಾರೆ. ಸರಾಸರಿ 120 ತಿಂಗಳಿಗೂ ಹೆಚ್ಚು ತಾಳಿದ್ದು ಉತ್ತಮ ಬಾಳಿಕೆಯ ಮರ, 60ರಿಂದ 120 ತಿಂಗಳು ಮಧ್ಯಮ, 60ಕ್ಕಿಂತ ಕಡಿಮೆಯಾದರೆ ಅಲ್ಪ. ಸಾಗುವಾನಿ, ಹೊನ್ನೆ ಮೊದಲ ಸಾಲಿನವು. ಮಾವು, ಬೂರುಗ ಕೊನೆಯ ಸಾಲಿನವು. ಇದು ಬರಿಯ ಮಣ್ಣಿನಲ್ಲಿ ಹೂತ ಮರದ ಆಯುಸ್ಸು. ಸೂರಿನ ಕೆಳಗೆ ಒಣಗಿ ನಿಂತ ಮರ ಇದರ ಎಷ್ಟೋ ಪಟ್ಟು ಬಾಳುತ್ತದೆ.

ಈ ವರ್ಗೀಕರಣ ಚೇಗಿಗೆ ಮಾತ್ರ ಅನ್ವಯಿಸುತ್ತದೆ ಎಂಬುದನ್ನು ವಿದ್ಯಾರ್ಥಿಗಳು ನೆನಪಿಡಬೇಕು. ಸುತ್ತಲಿನ ಬಿಳಿ ಮರ ಯಾವ ಜಾತಿಯದಾದರೂ ಬಾಳಿಕೆಯದಲ್ಲ. ಹದಿನೈದು ಇಪ್ಪತ್ತು ವರ್ಷಕ್ಕೆ ಕಡಿದ ತೋಟದ ಸಾಗುವಾನಿಯಲ್ಲಿ ಬಿಳಿ ಮರದ ಪಾಲು ಹೆಚ್ಚು. ಹೆಸರು ಸಾಗುವಾನಿಯೆಂದು ನಂಬಿ ಅದನ್ನು ತಂದು ಕಟ್ಟಿದರೆ ಕೆಲವೇ ವರ್ಷಗಳಲ್ಲಿ ಕುಟ್ಟೆ ಹಿಡಿಯುತ್ತದೆ. ಅಜ್ಜನ ಕಾಲದ ತೊಲೆಗೂ ಇಂದಿನ ಮಾರುಕಟ್ಟೆಯ ಸಾಗುವಾನಿಗೂ ಇರುವ ವ್ಯತ್ಯಾಸ ಇದು.

ಇನ್ನು ರಕ್ಷಣೆಯ ಕ್ರಮಗಳು ಸರಳ. ತೇವ ನೂರಕ್ಕೆ ಇಪ್ಪತ್ತಕ್ಕಿಂತ ಕಡಿಮೆಯಿದ್ದರೆ ಮರಕ್ಕೆ ಬೂಷ್ಟು ಹಿಡಿಯದು. ಆದ್ದರಿಂದ ಹಸಿ ಮರ ಕಟ್ಟಬಾರದು. ಕಂಬ ಮಣ್ಣಿಗೆ ತಾಗದೆ ಕಲ್ಲಿನ ಪೀಠದ ಮೇಲಿರಬೇಕು. ಅಡಿಪಾಯದ ಮೇಲೆ ಗೋಡೆಗಿಂತ ತುಸು ಹೊರಚಾಚುವ ಶಹಾಬಾದ್ ಫರಸಿ ಹಾಸಿದರೆ ಗೆದ್ದಲು ಒಳಗಿನಿಂದ ಕದ್ದು ಏರಲಾರದು. ಏರಿದರೂ ಅದರ ಮಣ್ಣಿನ ದಾರಿ ಕಣ್ಣಿಗೆ ಬೀಳುತ್ತದೆ. ಗೋಡೆಯಲ್ಲಿ ಹುದುಗಿದ ಜಂತಿಯ ತುದಿಗೆ ಗಾಳಿ ಸಿಗುವಂತೆ ಸಂದು ಬಿಡಬೇಕು, ಏಕೆಂದರೆ ಮರ ಮೊದಲು ಸಾಯುವುದು ಆ ತುದಿಯಲ್ಲಿ. ಸಾಧಾರಣ ಮರ ಮತ್ತು ಬಿದಿರನ್ನು ಬೋರಾಕ್ಸ್, ಬೋರಿಕ್ ಆಮ್ಲದ ನೀರಿನಲ್ಲಿ ನೆನೆಸಿ ಒಣಗಿಸಿದರೆ ಹುಳುವಿನ ಕಾಟ ಬಹಳ ತಗ್ಗುತ್ತದೆ. ಆದರೆ ಈ ಉಪ್ಪು ಮಳೆಗೆ ತೊಳೆದುಹೋಗುವುದರಿಂದ ಸೂರಿನ ಕೆಳಗೆ ಮಾತ್ರ ಉಪಯುಕ್ತ.

ಸಿಮೆಂಟು ಅಮರವಲ್ಲ

ಕಾಂಕ್ರೀಟಿಗೂ ಆಯುಸ್ಸಿದೆ. ಒಳಗಿನ ಕಬ್ಬಿಣವನ್ನು ತುಕ್ಕಿನಿಂದ ಕಾಯುವುದು ಸಿಮೆಂಟಿನ ಕ್ಷಾರಗುಣ. ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡ್ ವರ್ಷವರ್ಷವೂ ಕಾಂಕ್ರೀಟಿನೊಳಗೆ ನುಸುಳಿ ಈ ಗುಣವನ್ನು ಕುಂದಿಸುತ್ತದೆ. ಕಬ್ಬಿಣದ ಸರಳಿನ ಮೇಲೆ ಸಾಕಷ್ಟು ಕಾಂಕ್ರೀಟ್ ಹೊದಿಕೆ ಇಲ್ಲದಿದ್ದರೆ ತುಕ್ಕು ಬೇಗ ಬರುತ್ತದೆ. ತುಕ್ಕು ಹಿಡಿದ ಸರಳು ಉಬ್ಬಿ ಕಾಂಕ್ರೀಟನ್ನು ಒಳಗಿನಿಂದಲೇ ಸೀಳುತ್ತದೆ. ಛಾವಣಿಯ ತಳಭಾಗ ಚಕ್ಕೆಚಕ್ಕೆಯಾಗಿ ಉದುರಿ ಸರಳು ಹೊರಗೆ ಕಾಣುವ ಶಾಲೆ, ಪಂಚಾಯಿತಿ ಕಟ್ಟಡಗಳನ್ನು ನೋಡದವರು ವಿರಳ.

ಬಯಲು ಸೀಮೆಯಲ್ಲಿ ಇನ್ನೊಂದು ತೊಡಕು ನೀರಿನದು. ಕಾಂಕ್ರೀಟ್ ಹಾಕಿದ ಮೇಲೆ ಕನಿಷ್ಠ ಏಳರಿಂದ ಹತ್ತು ದಿನ ಒದ್ದೆಯಾಗಿಟ್ಟರೆ ಮಾತ್ರ ಅದಕ್ಕೆ ಪೂರ್ಣ ಬಲ. ಕುಡಿಯುವ ನೀರಿಗೇ ಟ್ಯಾಂಕರ್ ಕಾಯುವ ಬೇಸಿಗೆಯಲ್ಲಿ ಸ್ಲ್ಯಾಬಿಗೆ ನೀರು ಕಟ್ಟುವವರು ಯಾರು? ಹೀಗೆ ಹಸಿವಿನಲ್ಲೇ ಬೆಳೆದ ಕಾಂಕ್ರೀಟ್ ಒಂದು ತಲೆಮಾರು ಮುಗಿಯುವ ಮುನ್ನ ದುರಸ್ತಿ ಕೇಳುತ್ತದೆ. ಮರದ ತೊಲೆಯೊಂದು ಕೆಟ್ಟರೆ ಅದೊಂದನ್ನೇ ಬದಲಿಸಬಹುದು. ಕೆಟ್ಟ ಸ್ಲ್ಯಾಬನ್ನು ಒಡೆದು ಗುಂಡಿಗೆ ಸುರಿಯುವುದೊಂದೇ ದಾರಿ.

ನೂರಾರು ವರ್ಷ ನಿಲ್ಲಬೇಕಾದ ಸಾರ್ವಜನಿಕ ಕಟ್ಟಡಗಳ ಮಾತು ಬೇರೆ. ಹುಮನಾಬಾದ್ ತಾಲ್ಲೂಕಿನ ಜಲಸಂಗ್ವಿ, ಬಸವಕಲ್ಯಾಣದ ಬಳಿಯ ನಾರಾಯಣಪುರಗಳಲ್ಲಿ ಕಲ್ಯಾಣ ಚಾಲುಕ್ಯರ ಕಾಲದ ಕಲ್ಲಿನ ಗುಡಿಗಳು ಇಂದಿಗೂ ನಿಂತಿವೆ. ಅದೇ ಅರಸರ ಅರಮನೆಗಳು ಉಳಿದಿಲ್ಲ. ಬಸವಕಲ್ಯಾಣದಲ್ಲಿ 2021ರ ಜನವರಿ 6ರಂದು ಶಂಕುಸ್ಥಾಪನೆಯಾದ ನೂತನ ಅನುಭವ ಮಂಟಪವನ್ನು 770 ಅಮರಗಣಂಗಳ ನೆನಪಿಗೆ 770 ಕಂಬಗಳೊಡನೆ ಯೋಜಿಸಲಾಯಿತು. ಅಷ್ಟು ಕಂಬಗಳನ್ನು ಕಾಡಿನಿಂದ ಕೇಳುವ ಕಾಲ ಇದಲ್ಲ, ಕೇಳಬಾರದು ಕೂಡ. ಆದರೆ ಹಳ್ಳಿಯ ಮೂರು ಅಂಕಣದ ಮನೆಗೆ ಸ್ಮಾರಕದ ಅಳತೆಗೋಲು ಹಿಡಿಯುವುದು ಸರಿಯಲ್ಲ.

ಕಾಡಿನ ಲೆಕ್ಕ

ಇಲ್ಲಿಗೆ ಮಲೆನಾಡಿನವರ ಮುಖ್ಯ ಪ್ರಶ್ನೆ ಬರುತ್ತದೆ. 1983ರ ಸೆಪ್ಟೆಂಬರ್ 8ರಂದು ಶಿರಸಿ ತಾಲ್ಲೂಕಿನ ಸಾಲ್ಕಣಿಯ ಜನ ಕಳಸೆ ಕಾಡಿನಲ್ಲಿ ಮರಗಳನ್ನು ಅಪ್ಪಿಕೊಂಡು ಕೊಡಲಿಯನ್ನು ತಡೆದರು. ಆ ಅಪ್ಪಿಕೋ ಚಳವಳಿಯ ನೆಲದವರು ಇಂದು ಮರದ ಮನೆ ಕಟ್ಟಿರಿ ಎನ್ನುವ ಮಾತನ್ನು ಹೇಗೆ ಒಪ್ಪುವುದು?

ಅಪ್ಪಿಕೋ ಹೋರಾಡಿದ್ದು ಮರದ ಬಳಕೆಯ ವಿರುದ್ಧವಲ್ಲ. ನೂರು ಜಾತಿಯ ಸಹಜ ಕಾಡನ್ನು ಬೋಳಿಸಿ ಒಂದೇ ಜಾತಿಯ ನೆಡುತೋಪು ಮಾಡುವುದರ ವಿರುದ್ಧ, ಊರವರಿಗೆ ತಿಳಿಯದಂತೆ ಕಾಡು ಕಾರ್ಖಾನೆಗೆ ಹೋಗುವುದರ ವಿರುದ್ಧ. ಆ ಹೋರಾಟ ಕಲಿಸಿದ ಪ್ರಶ್ನೆ, ಈ ಮರ ಎಲ್ಲಿಂದ ಬಂತು ಎಂಬುದು. ಅದೇ ಪ್ರಶ್ನೆಯನ್ನು ಸಿಮೆಂಟಿಗೂ ಕೇಳಬೇಕು.

ಕಲಬುರಗಿ ಜಿಲ್ಲೆಯ ವಾಡಿ, ಮಳಖೇಡ, ಸೇಡಂ ಕಡೆಯ ಸುಣ್ಣಕಲ್ಲಿನ ಗಣಿಗಳು ಈ ಸೀಮೆಗೆ ದೂರವಲ್ಲ. ಒಂದು ಟನ್ ಸಿಮೆಂಟು ತಯಾರಾಗುವಾಗ ಅರ್ಧ ಟನ್ನಿಗೂ ಹೆಚ್ಚು ಇಂಗಾಲದ ಡೈಆಕ್ಸೈಡ್ ಗಾಳಿಗೆ ಸೇರುತ್ತದೆ. ಜಗತ್ತಿನಲ್ಲಿ ಮನುಷ್ಯರಿಂದ ಹೊರಬೀಳುವ ಈ ಅನಿಲದಲ್ಲಿ ನೂರಕ್ಕೆ ಏಳೆಂಟು ಪಾಲು ಸಿಮೆಂಟಿನದೇ. ಮರಳಿಗಾಗಿ ಹೊಳೆ ಬರಿದಾಗುತ್ತದೆ, ಜಲ್ಲಿಗಾಗಿ ಗುಡ್ಡ ಕರಗುತ್ತದೆ. ಸೆಂಟ್ರಿಂಗ್ ಹಲಗೆಗೆ, ನೀಲಗಿರಿ ಗಳಗಳಿಗೆ, ಇಟ್ಟಿಗೆ ಸುಡುವ ಗೂಡಿನ ಸೌದೆಗೆ ಮರವೇ ಬೇಕು. ಹಾಗಾಗಿ ಮರ ಕಾಣದ ಮನೆ ಎಂದರೆ ಮರ ಕಡಿಯದ ಮನೆಯೆಂದು ಅರ್ಥವಲ್ಲ.

ಒಣಗಿದ ಮರದ ತೂಕದಲ್ಲಿ ಸುಮಾರು ಅರ್ಧ ಭಾಗ ಇಂಗಾಲ. ಒಂದು ಘನ ಮೀಟರ್ ಸಾಗುವಾನಿ ತೊಲೆ ತನ್ನೊಳಗೆ ಹಿಡಿದಿಟ್ಟಿರುವುದು ಒಂದು ಟನ್ನಿಗೂ ಹೆಚ್ಚು ಇಂಗಾಲದ ಡೈಆಕ್ಸೈಡ್‌ಗೆ ಸಮ. ತೊಲೆ ನೂರು ವರ್ಷ ಬಾಳಿದರೆ ನೂರು ವರ್ಷ ಅದು ಅಲ್ಲೇ ಇರುತ್ತದೆ. ಆದರೆ ಈ ಪುಣ್ಯಕ್ಕೊಂದು ಷರತ್ತಿದೆ. ಕಡಿದ ಜಾಗದಲ್ಲಿ ಮತ್ತೆ ಮರ ಬೆಳೆಯಬೇಕು. ಸಹಜ ಕಾಡಿನ ಮರಕ್ಕೆ ಕೈ ಹಾಕಬಾರದು. ಬೆಟ್ಟದಲ್ಲಿ, ತೋಟದ ಅಂಚಿನಲ್ಲಿ, ಹೊಲದ ಬದುವಿನಲ್ಲಿ ಬೆಳೆಸಿದ ಮರಕ್ಕೆ ಮಾತ್ರ ಈ ಲೆಕ್ಕ ಸಲ್ಲುತ್ತದೆ.

ಸರ್ಕಾರದ ಧೋರಣೆಯೂ ಈ ದಿಕ್ಕಿನಲ್ಲಿ ಬದಲಾಗಿದೆ. ಕಾಡು ಉಳಿಸಲೆಂದು ಕೇಂದ್ರ ಲೋಕೋಪಯೋಗಿ ಇಲಾಖೆ 1993ರಲ್ಲಿ ತನ್ನ ಕಟ್ಟಡಗಳಲ್ಲಿ ಮರದ ಬಳಕೆಯನ್ನು ನಿಷೇಧಿಸಿತ್ತು. 2020ರಲ್ಲಿ ಆ ನಿಷೇಧವನ್ನು ತೆಗೆದುಹಾಕಿತು. 2017ರಲ್ಲಿ ಅರಣ್ಯ ಕಾಯಿದೆಗೆ ತಿದ್ದುಪಡಿಯಾಗಿ ಕಾಡಿನ ಹೊರಗೆ ಬೆಳೆದ ಬಿದಿರು ಮರವೆಂಬ ವ್ಯಾಖ್ಯೆಯಿಂದ ಹೊರಬಂತು. ರೈತ ಬೆಳೆಸಿದ ಬಿದಿರನ್ನು ಕಡಿದು ಸಾಗಿಸುವ ದಾರಿ ಇದರಿಂದ ಸುಗಮವಾಯಿತು.

ಒಂದು ಮನೆಯ ತೀರ್ಮಾನ

ಮೋರಖಂಡಿಯಂಥ ಊರಿನಲ್ಲಿ ಒಂದು ಕುಟುಂಬವನ್ನು ಊಹಿಸಿಕೊಳ್ಳಬಹುದು. ಅಜ್ಜ ಕಟ್ಟಿಸಿದ ಮೂರು ಅಂಕಣದ ಮಾಳಿಗೆ ಮನೆ. ಮಾಳಿಗೆ ಸೋರುತ್ತಿದೆ, ಗೋಡೆ ಉಬ್ಬಿದೆ. ಮಗನಿಗೆ ಸ್ಲ್ಯಾಬ್ ಮನೆ ಬೇಕು. ಹಳೆಯ ಮರ ಕೊಳ್ಳುವ ವ್ಯಾಪಾರಿ ಕಂಬ, ಬಾಗಿಲುಗಳಿಗೆ ಬೆಲೆ ಹೇಳಿ ಹೋಗಿದ್ದಾನೆ. ತಾಯಿಗೆ ಕಿಲ್ಲಾರಿಯ ನೆನಪು, ಆದ್ದರಿಂದ ಹಳೆಯ ಮನೆಯಲ್ಲಿ ಮಲಗಲು ಭಯ. ಇಬ್ಬರ ಮಾತಿನಲ್ಲೂ ನ್ಯಾಯವಿದೆ. ಇಂಥ ಮನೆಗೆ ಏನು ಹೇಳುವುದು?

ಮೊದಲು ಮಾಳಿಗೆಯ ಮಣ್ಣನ್ನು ಇಳಿಸಬೇಕು. ಇದಕ್ಕೆ ಸಿಮೆಂಟೂ ಬೇಡ, ಸಾಲವೂ ಬೇಡ. ಬೇಕಾಗಿರುವುದು ಕೆಲವು ದಿನಗಳ ಕೂಲಿ. ಮಣ್ಣು ಅರ್ಧಕ್ಕಿಂತ ಕೆಳಗಿಳಿದರೆ ಅಪಾಯದ ದೊಡ್ಡ ಪಾಲು ಅಂದೇ ಇಳಿಯುತ್ತದೆ. ಎರಡನೆಯದಾಗಿ ಕಂಬ ಮತ್ತು ತೊಲೆ ಕೂಡುವ ಮೂಲೆಗಳಿಗೆ ಓರೆಯಾದ ಮರದ ಅಥವಾ ಕಬ್ಬಿಣದ ಆಸರೆ ಕೊಡಿಸಬೇಕು. ಮೂರನೆಯದಾಗಿ ಉಬ್ಬಿದ ಗೋಡೆಯನ್ನು ಬಿಚ್ಚಿ, ಪ್ರತಿ ಎರಡಡಿಗೊಂದು ಅಡ್ಡಗಲ್ಲು ಇಟ್ಟು, ಬಾಗಿಲ ಮೇಲ್ಮಟ್ಟದಲ್ಲಿ ಸುತ್ತುಪಟ್ಟಿ ಕಟ್ಟಿ ಮತ್ತೆ ಏರಿಸಬೇಕು. ಬಿಚ್ಚದ ಗೋಡೆಯಲ್ಲಿಯೂ ಅಲ್ಲಲ್ಲಿ ತೂತು ತೆಗೆದು, ಕೊಕ್ಕೆ ಸರಳಿಟ್ಟು ಕಾಂಕ್ರೀಟ್ ತುಂಬಿದರೆ ಅದು ಅಡ್ಡಗಲ್ಲಿನ ಕೆಲಸ ಮಾಡುತ್ತದೆ. ಕಿಲ್ಲಾರಿ ಭಾಗದ ದುರಸ್ತಿಗೆ ತಜ್ಞರು ಸೂಚಿಸಿದ ಕ್ರಮಗಳು ಇವೇ. ಇಲ್ಲಿ ಸಿಮೆಂಟು ಇದೆ, ಆದರೆ ಚೀಲಗಳ ರಾಶಿಯಲ್ಲ. ಅದು ಅಗತ್ಯವಿರುವ ಜಾಗದಲ್ಲಿ ಮಾತ್ರ ಇದೆ.

ಹೊಸ ಮನೆಯೇ ಬೇಕೆಂದಾದರೂ ಹಳೆಯ ಕಂಬಗಳನ್ನು ಮಾರುವ ಮುನ್ನ ಎರಡು ಬಾರಿ ಯೋಚಿಸಬೇಕು. ವ್ಯಾಪಾರಿ ಕೊಡುವ ಹಣದಲ್ಲಿ ಅಂಥ ಚೇಗಿನ ಮರ ಮತ್ತೆ ಸಿಗದು. ಗೋಡೆಗೆ ಸ್ಥಿರೀಕರಿಸಿದ ಮಣ್ಣಿನ ಇಟ್ಟಿಗೆ ಬಳಸಬಹುದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ಅಸ್ತ್ರ ಕೇಂದ್ರದವರು ಇದನ್ನು ಬಹುಕಾಲ ಅಭ್ಯಸಿಸಿ ಹಳ್ಳಿಗೆ ಒಪ್ಪುವ ಒತ್ತು ಯಂತ್ರವನ್ನೂ ರೂಪಿಸಿದರು. ನೂರಕ್ಕೆ ಏಳೆಂಟು ಪಾಲಿನಷ್ಟು ಸಿಮೆಂಟು ಬೆರೆಸಿದ ಮಣ್ಣನ್ನು ಒತ್ತಿ ಮಾಡಿದ ಈ ಇಟ್ಟಿಗೆಗೆ ಸೌದೆಯ ಗೂಡು ಬೇಡ. ಎರೆಮಣ್ಣು ಇದಕ್ಕೆ ಒಗ್ಗದು, ಕೆಂಪು ಮಣ್ಣು ಒಗ್ಗುತ್ತದೆ. ಎರೆಭೂಮಿಯ ಮೇಲೆಯೇ ಮನೆ ಕಟ್ಟುವುದಾದರೆ ಅಡಿಪಾಯವನ್ನು ಗಟ್ಟಿ ನೆಲದವರೆಗೆ ಇಳಿಸಬೇಕು, ಏಕೆಂದರೆ ಎರೆ ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುತ್ತದೆ.

ಮಲೆನಾಡಿನ ಮನೆಗೆ ಉತ್ತರ ಸ್ವಲ್ಪ ಬೇರೆ. ಅಲ್ಲಿನ ಶತ್ರು ಮಳೆ. ಜಂಬಿಟ್ಟಿಗೆಯ ಗೋಡೆ, ಇಳಿಜಾರಿನ ಹೆಂಚಿನ ಮಾಡು, ಗೋಡೆಯನ್ನು ಮುಚ್ಚುವಷ್ಟು ಹೊರಚಾಚಿದ ಸೂರು, ಒಳಗೆ ಒಣಗಿದ ಮರ. ಬಚ್ಚಲು ಮತ್ತು ನೀರಿನ ತೊಟ್ಟಿಯ ಕಡೆ ಸಿಮೆಂಟು ಇರಲಿ, ಅಡಿಗೆಮನೆಯ ಒಲೆಯ ಬಳಿ ಕಲ್ಲು ಇರಲಿ. ಚಪ್ಪಟೆ ಸ್ಲ್ಯಾಬ್ ಹಾಕಿಸಿ, ಅದು ಸೋರಿ, ಅದರ ಮೇಲೆ ಮತ್ತೆ ತಗಡಿನ ಮಾಡು ಹಾಕಿದ ಮನೆಗಳನ್ನು ಘಟ್ಟದ ಪ್ರತಿ ಊರಿನಲ್ಲೂ ಕಾಣಬಹುದು. ಅಲ್ಲಿ ಎರಡು ಮಾಡಿನ ಖರ್ಚಾಗಿ ಒಂದು ಮಾಡಿನ ಉಪಯೋಗ ಸಿಕ್ಕಿದೆ.

ವಿದ್ಯಾರ್ಥಿಗಳಿಗೊಂದು ಕೆಲಸ ಉಳಿದಿದೆ. ಊರಿಗೆ ಮರಳಿದ ಮೇಲೆ ತಮ್ಮ ತಮ್ಮ ಮನೆಯ ಕಂಬ, ತೊಲೆಗಳು ಯಾವ ಜಾತಿಯ ಮರ, ಯಾರ ಕಾಲದಲ್ಲಿ ಎಲ್ಲಿಂದ ಬಂದದ್ದು ಎಂದು ಹಿರಿಯರನ್ನು ಕೇಳಿ ಬರೆದಿಡಬೇಕು. ಜಂತಿಯ ತುದಿಗಳನ್ನು ಮುಟ್ಟಿ ನೋಡಬೇಕು. ಆ ಮನೆಗೆ ಮುಂದೆ ಬೇಕಾಗುವ ತೊಲೆಗಾಗಿ ಈ ಮಳೆಗಾಲದಲ್ಲಿ ಹೊಲದ ಬದುವಿನಲ್ಲಿ ಹೊನ್ನೆಯನ್ನೋ ಹಲಸನ್ನೋ ಸಾಗುವಾನಿಯನ್ನೋ ನೆಡಬೇಕು. ಇಂದು ನೆಟ್ಟದ್ದು ಕೂಡುವ ಚೇಗಿಗೆ ಐವತ್ತು ವರ್ಷ ಬೇಕು. ಮೋರಖಂಡಿ ಸೀಮೆಯ ಹಿರಿಯರಿಗೆ ಆ ಅವಕಾಶ ತಪ್ಪಿಹೋಯಿತು. ಅವರು ದೂರದ ಕಾಡಿನಿಂದ ಮರ ತಂದರು, ತಂದದ್ದನ್ನು ಪಾಲುಪಟ್ಟಿಯಲ್ಲಿ ಬರೆದಿಟ್ಟು ಕಾಪಾಡಿದರು. ಮಲೆನಾಡಿನ ಮಕ್ಕಳಿಗೆ ಆ ಅವಕಾಶ ಇನ್ನೂ ಇದೆ.